ಹಳೇ ಪಹಣಿ, ಟಿಪ್ಪಣ್, ನಕ್ಷೆ: ಮನೆತನದ ಕೊಂಡಿ ಹುಡುಕುವಾಗ ಯಾವ ಸಾಲನ್ನು ಎಷ್ಟು ನಂಬಬೇಕು?

ಅಜ್ಜನ ಅಪ್ಪನ ಹೆಸರು ಗೊತ್ತು, ಅವರ ಅಪ್ಪನ ಹೆಸರು ಕೇಳಿದರೆ ಯಾರೂ ಬಾಯಿ ಬಿಡುವುದಿಲ್ಲ. ನಮ್ಮ ಉತ್ತರ ಕನ್ನಡದ ಕಡೆ ಹಲವು ಮನೆಗಳ ವಂಶಾವಳಿ ನಿಲ್ಲುವುದು ಇಲ್ಲೇ. ಶಿರಸಿಯ ತೋಟದ ಮನೆಯಾಗಲಿ, ಕುಮಟಾದ ಗಜನಿ (ಉಪ್ಪುನೀರಿನ ತಗ್ಗು) ಗದ್ದೆಯ ಮನೆಯಾಗಲಿ, ಅಲ್ಲಿಂದ ಹಿಂದೆ ಹೋಗಲು ಕೈಗೆ ಸಿಗುವ ದೊಡ್ಡ ಆಧಾರ ಜಮೀನಿನ ಕಾಗದ: ಪಹಣಿ (ಜಮೀನಿನ ಹಕ್ಕು, ಸಾಗುವಳಿಯ ದಾಖಲೆ), ಟಿಪ್ಪಣ್ (ಅಳತೆಯ ಕೈಚಿತ್ರ), ನಕ್ಷೆ. ಸರ್ಕಾರಿ ಮೊಹರು ಇದೆ, ಹಳೇ ಶಾಯಿ ಇದೆ. ಅಷ್ಟು ಕಂಡ ಕೂಡಲೇ ಜನ ಇಡೀ ಕಾಗದವನ್ನು ನಂಬಿಬಿಡುತ್ತಾರೆ. ಇಲ್ಲವೇ ಒಂದು ತಪ್ಪು ಸಿಕ್ಕಿತು ಅಂತ ಇಡೀ ಕಾಗದವನ್ನು ಬದಿಗಿಡುತ್ತಾರೆ. ಎರಡೂ ಸರಿಯಲ್ಲ.

ಈ ಕಾಗದಗಳು ಹುಟ್ಟಿದ್ದು ಕಂದಾಯ ವಸೂಲಿಗೆ. ನಿಮ್ಮ ಮುತ್ತಜ್ಜನಿಗೆ ಎಷ್ಟು ಮಕ್ಕಳು ಎಂದು ಬರೆದಿಡುವ ಗರಜು ಶಾನಭೋಗರಿಗೆ ಇರಲಿಲ್ಲ. ಎಷ್ಟು ಎಕರೆ, ಎಷ್ಟು ಆಕಾರ (ಕಂದಾಯದ ಮೊತ್ತ), ಯಾರಿಂದ ವಸೂಲಿ, ಇಷ್ಟು ಸರಿ ಇದ್ದರೆ ಅವರ ಕೆಲಸ ಆಯಿತು. ಹಾಗಾಗಿ ‘ಈ ದಾಖಲೆ ನಂಬಬಹುದಾ?’ ಎಂದು ಕೇಳಬೇಡಿ. ‘ಈ ಸಾಲನ್ನು ಸರಿಯಾಗಿ ಬರೆಯಲು ಬರೆದವನಿಗೆ ಕಾರಣ ಇತ್ತಾ?’ ಎಂದು ಕೇಳಿ. ಒಂದೇ ಪುಟದ ಒಂದು ಕಾಲಂ ಕಲ್ಲಿನಷ್ಟು ಗಟ್ಟಿ ಇರಬಹುದು, ಪಕ್ಕದ ಕಾಲಂ ಬರೀ ರೂಢಿಗೆ ತುಂಬಿದ್ದಿರಬಹುದು.

ಮೊದಲು ಕಾಲ ಮತ್ತು ಸರ್ಕಾರ ಗುರುತಿಸಿ

ನಮ್ಮ ಜಿಲ್ಲೆಯ ಕಾಗದ ಓದುವ ಮುಂಚೆ ಕೆಲವು ಇಸವಿ ತಲೆಯಲ್ಲಿರಲಿ. 1799ರಲ್ಲಿ ಟಿಪ್ಪು ಬಿದ್ದ ಮೇಲೆ ಕೆನರಾ (ಉತ್ತರ ಕನ್ನಡವೂ ಸೇರಿದ್ದ ಪ್ರದೇಶ) ಕಂಪನಿ ಸರ್ಕಾರದ ಕೈಗೆ ಬಂತು, ಮದ್ರಾಸ್ ಆಡಳಿತಕ್ಕೆ ಸೇರಿತು. 1862ರಲ್ಲಿ ಉತ್ತರ ಕನ್ನಡ ಮುಂಬಯಿ ಪ್ರಾಂತ್ಯಕ್ಕೆ ಹೋಯಿತು. 1956ರ ನವೆಂಬರ್ 1ಕ್ಕೆ ಮೈಸೂರು ರಾಜ್ಯಕ್ಕೆ ಬಂತು. 1973ರ ನವೆಂಬರ್ 1ಕ್ಕೆ ಅದೇ ರಾಜ್ಯ ಕರ್ನಾಟಕವಾಯಿತು.

ಇದರಿಂದ ಎರಡು ಉಪಯೋಗ. ಒಂದು, ಯಾವ ಕಾಗದ ಎಲ್ಲಿ ಹುಡುಕಬೇಕು ಎಂದು ತಿಳಿಯುತ್ತದೆ. 1862ಕ್ಕೆ ಮುಂಚಿನ ಜಿಲ್ಲಾ ಪತ್ರವ್ಯವಹಾರಕ್ಕೆ ಚೆನ್ನೈನ ಪತ್ರಾಗಾರ, ಆಮೇಲಿನದಕ್ಕೆ ಮುಂಬಯಿಯದು. ಹಳ್ಳಿ ಮಟ್ಟದ ಪುಸ್ತಕಗಳಿಗೆ ನಿಮ್ಮ ತಹಶೀಲ್ದಾರ್ ಕಚೇರಿಯ ರೆಕಾರ್ಡ್ ರೂಮು. ಇನ್ನೊಂದು, ಕಾಗದ ತನ್ನ ಕಾಲದ್ದು ಹೌದೋ ಅಲ್ಲವೋ ಎಂದು ತಕ್ಷಣ ಅಂದಾಜಾಗುತ್ತದೆ. ಶಿರಸಿಯ 1950ರ ಪತ್ರದ ಮೇಲೆ ‘ಮೈಸೂರು ಸರ್ಕಾರ’ ಎಂದಿದ್ದರೆ ಅದು ಮೂಲ ಪತ್ರ ಅಲ್ಲ. 1948ರ ಕ್ರಯಪತ್ರದಲ್ಲಿ ಹೊಸ ಪೈಸೆ ಲೆಕ್ಕ ಬರಲು ಸಾಧ್ಯವಿಲ್ಲ, ಅದು ಬಂದದ್ದು 1957ರ ಏಪ್ರಿಲ್‌ನಲ್ಲಿ. ವಿಳಾಸದಲ್ಲಿ ಪಿನ್ ಕೋಡ್ ಇದ್ದರೆ ಅದು 1972ರ ನಂತರದ ಬರಹ. ಹೀಗೆ ಸಿಕ್ಕಿದ್ದೆಲ್ಲ ಖೋಟಾ ಎಂದು ಕೂಗಬೇಡಿ. ಹೆಚ್ಚಿನವು ಆಮೇಲೆ ಮಾಡಿಸಿದ ನಕಲು ಪ್ರತಿಗಳು. ನಕಲು ಎಂದಾದರೆ ನಿಮ್ಮ ಮುಂದಿನ ಕೆಲಸ ಮೂಲ ಹುಡುಕುವುದು.

‘ನಮ್ಮ ಮನೆಗೆ 1840ರಿಂದ ಈ ಸರ್ವೆ ನಂಬರ್ ಇದೆ’ ಎಂದು ಹೇಳುವವರು ಇದ್ದಾರೆ. ಇರಲಾರದು. ಮದ್ರಾಸ್ ಕಾಲದಲ್ಲಿ ಇಲ್ಲಿನ ಹಿಡುವಳಿಗೆ ‘ವರ್ಗ’ ಎನ್ನುತ್ತಿದ್ದರು. ಅದಕ್ಕೊಂದು ಹೆಸರು, ಒಂದು ತೀರ್ವೆ (ಕಂದಾಯ), ಅಷ್ಟೇ. ಗದ್ದೆ ಗದ್ದೆ ಅಳೆದು ನಂಬರ್ ಕೊಟ್ಟದ್ದು ಮುಂಬಯಿ ಸರ್ವೆಯವರು, 1862ರ ನಂತರದ ದಶಕಗಳಲ್ಲಿ. ಅದಕ್ಕೂ ಹಿಂದಿನ ವರ್ಗಕ್ಕೂ ಇಂದಿನ ಸರ್ವೆ ನಂಬರಿಗೂ ನೇರ ಗಂಟು ಹಾಕುವ ಮೊದಲು ಎರಡನ್ನೂ ಒಟ್ಟಿಗೆ ಹೇಳುವ ಒಂದು ಕಾಗದವಾದರೂ ಬೇಕು.

ತಾರೀಖು ಬಿಡಿಸುವುದು

ಹಳೇ ಪತ್ರಗಳಲ್ಲಿ ಶಕ ವರ್ಷ ಇದ್ದರೆ 78 ಕೂಡಿಸಿ. ಮದ್ರಾಸ್ ಕಾಲದ ಫಸಲಿ (ಕಂದಾಯ ವರ್ಷ) ಇದ್ದರೆ 590 ಕೂಡಿಸಿ. ಫಸಲಿ 1210 ಎಂದರೆ 1800-01. ಅಪಾಯ ಇರುವುದು ಸಂವತ್ಸರದ ಹೆಸರಲ್ಲಿ. ಗೇಣಿ ಚೀಟಿ, ಪಾಲುಪಟ್ಟಿಗಳಲ್ಲಿ ‘ಪ್ರಭವ ಸಂವತ್ಸರದ ಚೈತ್ರ ಶುದ್ಧ ಪಂಚಮಿ’ ಅಂತ ಮಾತ್ರ ಬರೆದು ಬಿಟ್ಟಿರುತ್ತಾರೆ. ಪ್ರಭವ 1867ರಲ್ಲೂ ಬಂತು, 1927ರಲ್ಲೂ ಬಂತು, 1987ರಲ್ಲೂ ಬಂತು. 60 ವರ್ಷ ಆಚೀಚೆ ಆದರೆ ಎರಡು ತಲೆಮಾರು ಆಚೀಚೆ ಆಯಿತು. ಅದರ ಮೇಲೆ ನಮ್ಮಲ್ಲಿ ಅಜ್ಜನ ಹೆಸರು ಮೊಮ್ಮಗನಿಗೆ. ಪತ್ರದ ಮಂಜ ಹೆಗಡೆ ಯಾವ ಮಂಜ ಹೆಗಡೆ? ತಿಥಿಯ ಜೊತೆ ವಾರ ಬರೆದಿದ್ದರೆ ಅದೃಷ್ಟ. ಹಳೇ ಪಂಚಾಂಗ ಹಿಡಿದು ಮೂರೂ ಆವೃತ್ತಿಯಲ್ಲಿ ತಿಥಿ, ವಾರ ಹೊಂದಿಸಿ ನೋಡಿ. ಹೊಂದದ್ದನ್ನು ತೆಗೆದುಹಾಕಬಹುದು.

ಇವತ್ತಿನಿಂದ ಹಿಂದಕ್ಕೆ ನಡೆಯಿರಿ

ಮೇಲಿನಿಂದ ಕೆಳಗೆ ಬರಬೇಡಿ, ಕೆಳಗಿನಿಂದ ಮೇಲೆ ಹೋಗಿ. ಇವತ್ತಿನ ಪಹಣಿ, ಅಂದರೆ ಆರ್‌ಟಿಸಿ, ತೆಗೆಯಿರಿ. ಸರ್ಕಾರದ ಭೂಮಿ ತಂತ್ರಾಂಶದ ಕಂಪ್ಯೂಟರ್ ಪ್ರತಿ ಸಾಕು. 9ನೇ ಕಾಲಂನಲ್ಲಿ ಕಬ್ಜೆದಾರರ (ಜಮೀನು ಯಾರ ಹೆಸರಲ್ಲಿದೆಯೋ ಅವರ) ಹೆಸರು, 10ರಲ್ಲಿ ಆ ಹಕ್ಕು ಹೇಗೆ ಬಂತು ಎಂಬುದು, 11ರಲ್ಲಿ ಸಾಲ ಮತ್ತು ಇತರ ಹಕ್ಕು, 12ರಲ್ಲಿ ಸಾಗುವಳಿ. ನಿಮಗೆ ಬೇಕಾದ ಬಾಗಿಲು 10ನೆಯದು. ಅಲ್ಲಿರುವ ಮ್ಯುಟೇಶನ್ (ಹಕ್ಕು ಬದಲಾವಣೆ) ನಂಬರ್ ಹಿಡಿದು ಆ ನಮೂದು ತೆಗೆಸಿ. ಅದರಲ್ಲಿ ಹಿಂದಿನವರ ಹೆಸರು ಸಿಗುತ್ತದೆ. ಆ ಹೆಸರಿನ ಮೇಲೆ ಕೈಬರಹದ ಪಹಣಿ ತೆಗೆಸಿ. ಹೀಗೆ ಹೋಗುತ್ತಾ ಹೋದರೆ ಮುಂಬಯಿ ಕಾಲದ ಹಕ್ಕು ನೋಂದಣಿ ಪುಸ್ತಕ ಮುಟ್ಟುತ್ತೀರಿ. ಅದಕ್ಕೆ ಬುನಾದಿ ಮುಂಬಯಿಯ 1903ರ ಕಾಯ್ದೆ. ಅದಕ್ಕಿಂತ ಹಿಂದೆ ಹೋಗಬೇಕಾದರೆ ಸರ್ವೆ ಕಚೇರಿಯ ಆಕಾರಬಂದ್ (ಸರ್ವೆ ನಂಬರುವಾರು ಕ್ಷೇತ್ರ, ಕಂದಾಯದ ಪಟ್ಟಿ), ಟಿಪ್ಪಣ್.

ಕೊಂಡಿ ಎಲ್ಲಾದರೂ ತಪ್ಪಿದರೆ ಅಲ್ಲೇ ನಿಲ್ಲಿ. ‘ಹೆಸರು ಒಂದೇ ಇದೆಯಲ್ಲ, ಇವರೇ ಇರಬೇಕು’ ಅಂತ ಹಾರಿದರೆ ಊರಿನ ಇನ್ನೊಂದು ಮನೆಯ ಅಜ್ಜ ನಿಮ್ಮ ವಂಶಾವಳಿಗೆ ಬಂದು ಕೂತುಬಿಡುತ್ತಾನೆ.

ಕೈಬರಹದ ಪಹಣಿಗಳ ಬಗ್ಗೆ ಒಂದು ಮಾತು. ಪ್ರತಿ ವರ್ಷ ಗದ್ದೆಗೆ ಹೋಗಿ ನೋಡಿ ಬರೆಯಬೇಕು ಎಂಬುದು ನಿಯಮ. ಆದದ್ದು ಹೆಚ್ಚಾಗಿ ಹೋದ ವರ್ಷದ್ದನ್ನು ನೋಡಿ ಬರೆದದ್ದು. ಸತ್ತು ಮೂವತ್ತು ವರ್ಷವಾದ ಅಜ್ಜ ಸಾಗುವಳಿ ಕಾಲಂನಲ್ಲಿ ಇನ್ನೂ ಭತ್ತ ಬೆಳೆಯುತ್ತಿರುತ್ತಾನೆ. ಹಾಗಾಗಿ ಹೆಸರು ಇದೆ ಎಂದರೆ ಮನುಷ್ಯ ಬದುಕಿದ್ದ ಎಂದಲ್ಲ. ಹೆಸರು ಬದಲಾದ ವರ್ಷ ಮಾತ್ರ ಸುದ್ದಿ. ಉಳಿದ ವರ್ಷಗಳು ಸುಮ್ನೆ ಪ್ರತಿಧ್ವನಿ. 2000ದ ಆಸುಪಾಸು ಈ ಕೈಬರಹವನ್ನು ಕಂಪ್ಯೂಟರಿಗೆ ಏರಿಸುವಾಗ ಹೊಸ ತಪ್ಪುಗಳು ಸೇರಿಕೊಂಡವು. ಹೆಸರಲ್ಲಿ ಅನುಮಾನ ಬಂದರೆ ಕೈಬರಹಕ್ಕೇ ಹೋಗಿ.

ಒಂದು ವಾರಸಾ ನಮೂದನ್ನು ಹತ್ತಿರದಿಂದ ನೋಡೋಣ

ಇಡೀ ಕೆಲಸದಲ್ಲಿ ಇದು ಮುಖ್ಯ, ಇಲ್ಲಿ ಅವಸರ ಬೇಡ. ಕಲ್ಪನೆಯ ನಮೂದು ಒಂದನ್ನು ಇಟ್ಟುಕೊಳ್ಳೋಣ, ಇಂಥವು ಇರುವುದು ಹೀಗೇ:

‘ಖಾತೆದಾರ ಗಣಪ ಬಿನ್ ಮಂಜ ಹೆಗಡೆ ಇವರು ಸುಮಾರು 4 ವರ್ಷದ ಹಿಂದೆ ಮಯತರಾಗಿದ್ದು, ಹಿರಿ ಮಗ ಮಂಜ ಬಿನ್ ಗಣಪ ಹೆಗಡೆ ಇವರ ಹೆಸರು ಏಕತ್ರ ಕುಟುಂಬದ ಮ್ಯಾನೇಜರ ಅಂತ ದಾಖಲಿಸಲು ವರ್ದಿ. ವರ್ದಿ ತಾರೀಖು 12-3-1931. ಪ್ರಮಾಣೀಕರಿಸಿದ್ದು 9-11-1931.’

ಇಲ್ಲಿ ‘ಬಿನ್’ ಎಂದರೆ ಇಂಥವರ ಮಗ, ‘ಮಯತ’ ಎಂದರೆ ತೀರಿಕೊಂಡವರು, ‘ಏಕತ್ರ’ ಎಂದರೆ ಕೂಡಿದ, ‘ವರ್ದಿ’ ಎಂದರೆ ಕಚೇರಿಗೆ ಕೊಟ್ಟ ತಿಳಿವಳಿಕೆ. ಹೆಚ್ಚಿನವರು ಇದರಿಂದ ತೆಗೆಯುವುದು: ಗಣಪ ಹೆಗಡೆ ತೀರಿದ್ದು 1931, ಒಬ್ಬನೇ ಮಗ ಮಂಜ. ಎರಡೂ ತಪ್ಪು.

ಇಲ್ಲಿ ಮೂರು ಕಾಲ ಇದೆ. ಸಾವು 1927ರ ಸುಮಾರಿಗೆ, ವರ್ದಿ 1931ರ ಮಾರ್ಚ್, ಪ್ರಮಾಣೀಕರಣ ನವೆಂಬರ್. ಕಚೇರಿಯವರಿಗೆ ಕೊನೆಯ ಎರಡು ತಾರೀಖು ಸರಿ ಇರಲೇಬೇಕಿತ್ತು, ಅವು ಗಟ್ಟಿ. ‘ಸುಮಾರು 4 ವರ್ಷ’ ಎಂಬುದು ಮಗ ಬಾಯಲ್ಲಿ ಹೇಳಿದ್ದು. ಮೂರೂ ಆಗಬಹುದು, ಆರೂ ಆಗಬಹುದು. ನಾಲ್ಕು ವರ್ಷ ಸುಮ್ಮನಿದ್ದವರು ಆಗ ಯಾಕೆ ವರ್ದಿ ಕೊಟ್ಟರು ಎಂದು ಕೇಳಿಕೊಳ್ಳಿ. ಸಾಲ ಬೇಕಿತ್ತೋ, ಮಾರಬೇಕಿತ್ತೋ, ತಮ್ಮಂದಿರ ಜೊತೆ ತಕರಾರು ಶುರುವಾಯಿತೋ? ಉತ್ತರ ಅದೇ ಪುಸ್ತಕದ ಮುಂದಿನ ಕೆಲವು ನಮೂದುಗಳಲ್ಲೇ ಇರುವುದು ಜಾಸ್ತಿ. ಮುಂದೆ ಒಂದೆರಡು ವರ್ಷದ ಪುಟ ತಿರುವಿ.

‘ಹಿರಿ ಮಗ’ ಎಂದರೆ ಕಿರಿಯವರು ಇದ್ದರು. ‘ಮ್ಯಾನೇಜರ’ ಎಂದರೆ ಅವರೆಲ್ಲ ಕೂಡಿಯೇ ಇದ್ದರು. ಒಂದು ಹೆಸರಿನ ಹಿಂದೆ ನಾಲ್ಕು ಜನ ನಿಂತಿರಬಹುದು. ಆಮೇಲೆ ಪಾಲಾದಾಗ, 1940ರಲ್ಲೋ 1955ರಲ್ಲೋ, ಅವರು ಒಬ್ಬೊಬ್ಬರಾಗಿ ಹೊರಗೆ ಬರುತ್ತಾರೆ. ಆ ಪಾಲಿನ ನಮೂದೇ ವಂಶಾವಳಿಗೆ ಚಿನ್ನ. ಪಾಲಿನಲ್ಲಿ ಪ್ರತಿಯೊಬ್ಬನಿಗೂ ತನ್ನ ಹೆಸರು, ತನ್ನ ಅಪ್ಪನ ಹೆಸರು ಸರಿ ಬರೆಸುವ ಗರಜು ಇರುತ್ತದೆ. ಪಕ್ಕದಲ್ಲಿ ನಿಂತ ಅಣ್ಣತಮ್ಮಂದಿರು ಸುಳ್ಳು ಬರೆಯಲು ಬಿಡುವುದಿಲ್ಲ.

ಇನ್ನು ಹೆಂಡತಿ, ಹೆಣ್ಣುಮಕ್ಕಳು. ಈ ನಮೂದಿನಲ್ಲಿ ಒಬ್ಬರೂ ಇಲ್ಲ. ಗಣಪನಿಗೆ ಹೆಣ್ಣುಮಕ್ಕಳೇ ಇರಲಿಲ್ಲ ಎಂದು ಬರೆದುಕೊಳ್ಳಬೇಡಿ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಗೆ ಮುಂಚೆ ಅವರ ಹೆಸರು ಬರೆಯುವ ಕಾರಣ ಕಚೇರಿಗೆ ಕಾಣುತ್ತಿರಲಿಲ್ಲ. ಕಾಯ್ದೆ ಬಂದ ಮೇಲೂ ಎಷ್ಟೋ ವರ್ಷ ‘ಹಕ್ಕು ಬಿಟ್ಟಿದ್ದಾರೆ’ ಎಂಬ ಒಂದೇ ಸಾಲಲ್ಲಿ ಮುಗಿಸಿದರು. ಹೆಂಗಸರು ಕಾಣುವುದು ಬೇರೆ ಜಾಗದಲ್ಲಿ: ವಿಧವೆ ತಾಯಿ ಅಜ್ಞಾನ (ಅಪ್ರಾಪ್ತ) ಮಗನ ಪಾಲಕಿಯಾಗಿ ಸಹಿ ಮಾಡಿದಲ್ಲಿ, ಜೀವನಾಂಶಕ್ಕೆ ತೋಟದ ತುಂಡು ಬಿಟ್ಟುಕೊಟ್ಟಲ್ಲಿ, ‘ಕೋಂ’ (ಇಂಥವರ ಹೆಂಡತಿ) ಎಂದು ಗಂಡನ ಹೆಸರಿನ ಜೊತೆ ಬಂದಲ್ಲಿ. ಹಾಗೆ ಸಿಕ್ಕ ಒಂದೊಂದು ಹೆಸರನ್ನೂ ಬಿಡಬೇಡಿ.

ಹೆಸರಿನ ಗೊಂದಲ

ಮುಂಬಯಿ ರೂಢಿಯಿಂದ ನಮಗೊಂದು ಲಾಭ ಇದೆ. ತನ್ನ ಹೆಸರು, ಅಪ್ಪನ ಹೆಸರು, ಅಡ್ಡಹೆಸರು ಮೂರೂ ಒಟ್ಟಿಗೆ ಬರುತ್ತವೆ. ಆದರೆ ಬರೆದವನ ಕೈ ನೋಡಿಕೊಳ್ಳಿ. ಒಡೆಯರಾದರೆ ‘ಗಣಪತಿ’, ಒಕ್ಕಲಾದರೆ ‘ಗಣಪ’. ಸುಬ್ರಾಯ ಸುಬ್ಬ ಆಗುತ್ತಾನೆ, ಪರಮೇಶ್ವರ ಪರ್ಮ ಆಗುತ್ತಾನೆ. ಅಂಕೋಲಾ, ಕುಮಟಾ ಕಡೆ ‘ನಾಯಕ’ ಬೇರೆ, ‘ನಾಯ್ಕ’ ಬೇರೆ ಎಂದು ಊರವರಿಗೆಲ್ಲ ಗೊತ್ತು. ಗುಮಾಸ್ತ ಹೊರಗಿನವನಾದರೆ ಎರಡನ್ನೂ ಒಂದೇ ಮಾಡಿಬಿಟ್ಟ. ಹವ್ಯಕರಲ್ಲಿ ಒಂದೇ ಮನೆಯ ಒಂದು ಕವಲು ಭಟ್ಟರು, ಇನ್ನೊಂದು ಹೆಗಡೆಯವರು ಆಗಿರುವುದೂ ಉಂಟು. ಹಾಗಾಗಿ ಅಡ್ಡಹೆಸರು ಬೇರೆಯಾದ ಮಾತ್ರಕ್ಕೆ ಮನೆ ಬೇರೆ ಎಂದಲ್ಲ, ಒಂದೇ ಆದ ಮಾತ್ರಕ್ಕೆ ಮನೆ ಒಂದೇ ಎಂದೂ ಅಲ್ಲ. ಕೇರಿ, ಮಜರೆ (ಊರಿಗೆ ಸೇರಿದ ಚಿಕ್ಕ ಹಳ್ಳಿ), ತೋಟದ ಹೆಸರು ನೋಡಿ. ಅವು ಅಡ್ಡಹೆಸರಿಗಿಂತ ಗಟ್ಟಿ.

ನಕ್ಷೆ ಮತ್ತು ಟಿಪ್ಪಣ್

ನಕ್ಷೆ ಎಂದರೆ ಒಂದೇ ವಸ್ತು ಎಂದುಕೊಳ್ಳಬೇಡಿ. ಟಿಪ್ಪಣ್ ಎಂಬುದು ಗದ್ದೆಯ ಬದುವಿನ ಮೇಲೆ ನಿಂತು ಕೈಯಲ್ಲಿ ಬಿಡಿಸಿದ ಚಿತ್ರ. ಅದರ ಆಕಾರ ಅಳತೆಗೆ ಸರಿ ಇರುವುದಿಲ್ಲ, ಆದರೆ ಅದರ ಮೇಲೆ ಬರೆದ ಸರಪಳಿ ಲೆಕ್ಕ ಗಟ್ಟಿ. ಅದು ನೆಲದ ಮೇಲೆ ಎಳೆದು ಅಳೆದದ್ದು. ಗ್ರಾಮ ನಕ್ಷೆ ಇದರ ಉಲ್ಟಾ: ಆಕಾರ ಅಳತೆಗೆ ತಕ್ಕಂತೆ ಇದೆ, ಅಂಕಿ ಇಲ್ಲ. ಗ್ರಾಮ ನಕ್ಷೆಯ ಸಾಮಾನ್ಯ ಪ್ರಮಾಣ 1:7920. ಅಂದರೆ ನಕ್ಷೆಯ ಮೇಲಿನ ಅರ್ಧ ಮಿಲಿಮೀಟರ್ ದಪ್ಪದ ಗೆರೆಯೇ ನೆಲದ ಮೇಲೆ ಸುಮಾರು 4 ಮೀಟರ್ ಆಗುತ್ತದೆ. ಗೆರೆ ತೋಟದ ಈಚೆ ಇದೆಯೋ ಆಚೆ ಇದೆಯೋ ಎಂದು ಆ ನಕ್ಷೆ ಹಿಡಿದು ವಾದ ಮಾಡುವುದು ವ್ಯರ್ಥ. ನೆರೆಹೊರೆ ಯಾರು, ಹಳ್ಳ ಯಾವ ಕಡೆ, ದಾರಿ ಎಲ್ಲಿತ್ತು ಎಂದು ತಿಳಿಯಲು ಅದು ಬಹಳ ಒಳ್ಳೆಯದು. ಮೊಬೈಲಿನ ದಿಶಾಂಕ್ ಆ್ಯಪನ್ನೂ ಇಷ್ಟಕ್ಕೇ ಬಳಸಿ: ನಿಂತ ಜಾಗ ಯಾವ ಸರ್ವೆ ನಂಬರಿನ ಆಸುಪಾಸು ಎಂದು ತಿಳಿಯಲು.

ನನಗೆ ಇಷ್ಟವಾದ ಪರೀಕ್ಷೆ ಗುಂಟೆ ಲೆಕ್ಕದ್ದು. 33 ಅಡಿ ಉದ್ದ, 33 ಅಡಿ ಅಗಲ ಒಂದು ಗುಂಟೆ. 16 ಆಣೆಗೆ ಒಂದು ಗುಂಟೆ, 40 ಗುಂಟೆಗೆ ಒಂದು ಎಕರೆ. ಆಕಾರಬಂದ್‌ನಲ್ಲಿ ಒಂದು ಸರ್ವೆ ನಂಬರ್ 3 ಎಕರೆ 12 ಗುಂಟೆ ಇದೆ ಎಂದುಕೊಳ್ಳಿ. ನಿಮ್ಮ ಕೈಲಿರುವ ಹಿಸ್ಸಾ (ಪಾಲಾದ ತುಂಡು) ಪಹಣಿಗಳು ಎರಡು: 1 ಎಕರೆ 20 ಗುಂಟೆ, ಮತ್ತು 36 ಗುಂಟೆ 8 ಆಣೆ. ಕೂಡಿದರೆ 2 ಎಕರೆ 16 ಗುಂಟೆ 8 ಆಣೆ. ಉಳಿದ 35 ಗುಂಟೆ 8 ಆಣೆ ಎಲ್ಲಿ ಹೋಯಿತು? ಮೊದಲು ಖರಾಬು (ಸಾಗುವಳಿಗೆ ಬಾರದ ಜಾಗ) ತೆಗೆದು ನೋಡಿ, ರಸ್ತೆಗೆ ಹೋಗಿರಬಹುದು, ಮಾರಿರಬಹುದು. ಅದ್ಯಾವುದೂ ಅಲ್ಲದಿದ್ದರೆ ಮೂರನೇ ಹಿಸ್ಸಾ ಇದೆ, ಅದರ ಹಿಂದೆ ನಿಮಗೆ ಗೊತ್ತಿಲ್ಲದ ಒಂದು ಕವಲು ಇದೆ. ಘಟ್ಟ ಇಳಿದು ಹೋದವರು, ದತ್ತು ಹೋದವರು, ಜಗಳವಾಡಿ ಹೆಸರೇ ಎತ್ತದಂತಾದವರು ಹೀಗೆ ಗುಂಟೆ ಲೆಕ್ಕದಲ್ಲಿ ಸಿಕ್ಕಿಬೀಳುತ್ತಾರೆ. ಕ್ಷೇತ್ರಕ್ಕೆ ಕಂದಾಯ ಇತ್ತು, ಆದ್ದರಿಂದ ಕ್ಷೇತ್ರ ಸುಳ್ಳು ಹೇಳುವುದು ಕಡಿಮೆ.

ನೆಲವೇ ಬದಲಾದರೆ

ಕರಾವಳಿಯಲ್ಲಿ ಕಾಗದ ಸರಿ ಇದ್ದು ನೆಲ ತಪ್ಪಿರುತ್ತದೆ. ಅಘನಾಶಿನಿ ದಂಡೆಯ ಗಜನಿಯಲ್ಲಿ ಕಟ್ಟೆ ಒಡೆದರೆ ಉಪ್ಪುನೀರು ನುಗ್ಗಿ ಬದು ಅಳಿಸಿಹೋಗುತ್ತದೆ. ಕಗ್ಗ ಭತ್ತ ಬೆಳೆದ ಗದ್ದೆ ಸಿಗಡಿ ಹೊಂಡ ಆಗಿರುತ್ತದೆ. ಅಲ್ಲಿ ಬಾಂದುಕಲ್ಲು (ಗಡಿಕಲ್ಲು) ಹುಡುಕಿ ಪ್ರಯೋಜನ ಇಲ್ಲ, ಟಿಪ್ಪಣ್ ಒಂದೇ ಸಾಕ್ಷಿ. ಕಾಳಿ ಕಣಿವೆಯಲ್ಲಿ ಸೂಪಾ ಪೇಟೆಯೇ ಅಣೆಕಟ್ಟಿನ ನೀರಲ್ಲಿ ಮುಳುಗಿತು, ತಾಲ್ಲೂಕು ಕೇಂದ್ರ ಜೋಯಿಡಾಕ್ಕೆ ಬಂತು. ಹಳೇ ಕಾಗದ ಸೂಪಾ ತಾಲ್ಲೂಕಿನ ಹೆಸರಲ್ಲಿ, ಹೊಸದು ಜೋಯಿಡಾ ಹೆಸರಲ್ಲಿ. ಕಾರವಾರ ಮತ್ತು ಅಂಕೋಲಾ ನಡುವೆ ಸೀಬರ್ಡ್ ನೌಕಾನೆಲೆಗೆ ಜಾಗ ಬಿಟ್ಟವರಿಗೆ ಊರಿಲ್ಲ, ಆದರೆ ಭೂಸ್ವಾಧೀನದ ಕಡತ ಇದೆ. ಪರಿಹಾರ ಹಂಚುವಾಗ ವಾರಸುದಾರರನ್ನು ಒಬ್ಬೊಬ್ಬರನ್ನಾಗಿ ಬರೆಯಲೇಬೇಕು. ಹಾಗಾಗಿ ವಂಶಾವಳಿಗೆ ಅಂಥ ಕಡತ ಮಾಮೂಲಿ ಪಹಣಿಗಿಂತ ಎಷ್ಟೋ ವಾಸಿ.

ಘಟ್ಟದ ಮೇಲಿನವರಿಗೆ ಒಂದು ಎಚ್ಚರಿಕೆ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಸೊಪ್ಪಿನ ಬೆಟ್ಟದಲ್ಲಿ ತೋಟಿಗರಿಗೆ ಇರುವುದು ಸೊಪ್ಪು, ದರಕು (ಒಣ ಎಲೆ) ತರುವ ಸವಲತ್ತು. ಮಾಲ್ಕಿ (ಒಡೆತನ) ಅಲ್ಲ. ‘ನಮ್ಮ ಅಜ್ಜನಿಗೆ ಇಷ್ಟೊಂದು ಎಕರೆ ಇತ್ತು’ ಎನ್ನುವ ಕತೆಯಲ್ಲಿ ಬೆಟ್ಟವೂ ಸೇರಿರುತ್ತದೆ. ಆದರೆ ಬೆಟ್ಟ ತೋಟಕ್ಕೆ ಅಂಟಿಕೊಂಡು ಬರುವುದರಿಂದ, ಬೆಟ್ಟದ ನಮೂದಿನಲ್ಲಿ ಹೆಸರಿದ್ದವರಿಗೆ ಹತ್ತಿರದಲ್ಲೆಲ್ಲೋ ತೋಟ ಇತ್ತು ಎಂಬ ಸುಳಿವಂತೂ ಸಿಗುತ್ತದೆ.

ಒಕ್ಕಲು ಮನೆಯವರು ಎಲ್ಲಿ ಹುಡುಕಬೇಕು

ಈವರೆಗೆ ಹೇಳಿದ್ದೆಲ್ಲ ಜಮೀನು ಹೆಸರಲ್ಲಿದ್ದವರ ಮಾತಾಯಿತು. ನಮ್ಮ ಕರಾವಳಿಯಲ್ಲಿ ಗೇಣಿಗೆ ಮಾಡಿದವರೇ ಜಾಸ್ತಿ. ಅವರ ಹೆಸರು ಕಬ್ಜೆದಾರರ ಕಾಲಂನಲ್ಲಿ ಸಿಗುವುದಿಲ್ಲ. ಮೂಲಗೇಣಿಯವರಾದರೆ (ಕಾಯಂ ಗೇಣಿ) ಪತ್ರ ಇರುವ ಸಾಧ್ಯತೆ ಇದೆ. ಚಾಲಗೇಣಿಯವರಾದರೆ (ಒಡೆಯ ಬಿಡಿಸಬಹುದಾದ ಗೇಣಿ) ಸಾಗುವಳಿ ಕಾಲಂ, ಒಡೆಯರ ಮನೆಯ ಗೇಣಿ ಲೆಕ್ಕದ ಪುಸ್ತಕ, ಅಷ್ಟೇ.

ಬಾಗಿಲು ತೆರೆಯುವುದು 1974ರ ಮಾರ್ಚ್ 1ರ ನಂತರ. ಗೇಣಿ ರದ್ದಾಗಿ ಒಕ್ಕಲುಗಳು ನಮೂನೆ 7ರಲ್ಲಿ ಅರ್ಜಿ ಹಾಕಿದರು, ಭೂ ನ್ಯಾಯಮಂಡಳಿ ಎರಡೂ ಕಡೆಯವರ ಹೇಳಿಕೆ ಪಡೆಯಿತು, ಗೆದ್ದವರಿಗೆ ನಮೂನೆ 10 (ಹಕ್ಕುಪತ್ರ) ಸಿಕ್ಕಿತು. ಈ ಕಡತದಲ್ಲಿ ಜಗಳದ ವಿಷಯ ಏನು ಎಂದು ಮೊದಲು ಗುರುತಿಸಿ. ‘ನಮ್ಮ ಅಜ್ಜನ ಕಾಲದಿಂದ ನಾವೇ ಮಾಡುತ್ತಿದ್ದೇವೆ’ ಎಂದು ಒಕ್ಕಲು ಹಿಗ್ಗಿಸಿ ಹೇಳಿರಬಹುದು, ‘ಇವನು ಕೂಲಿಗೆ ಬಂದವನು’ ಎಂದು ಒಡೆಯ ಕುಗ್ಗಿಸಿ ಹೇಳಿರಬಹುದು. ಆ ಮಾತಿಗೆ ಬೇರೆ ಆಧಾರ ಬೇಕು. ಅಜ್ಜನ ಹೆಸರು ಏನು, ಚಿಕ್ಕಪ್ಪ ಯಾವಾಗ ಬೇರೆಯಾದ, ಮನೆ ಯಾವ ಕೊಪ್ಪದಲ್ಲಿತ್ತು ಎಂಬ ಬಗ್ಗೆ ಯಾರೂ ತಕರಾರು ಮಾಡಿರುವುದಿಲ್ಲ. ಅದನ್ನು ಧೈರ್ಯವಾಗಿ ತೆಗೆದುಕೊಳ್ಳಿ.

ಕ್ರಯಪತ್ರದ ಚಕ್ಬಂದಿ

ಉಪನೋಂದಣಿ ಕಚೇರಿಯ ಪತ್ರಗಳಲ್ಲಿ ಎಲ್ಲರೂ ಓದುವುದು ಮಾರಿದವರು, ಕೊಂಡವರು, ಹಣ. ಹಣದ ಅಂಕಿಯನ್ನು ಹೆಚ್ಚು ನಂಬಬೇಡಿ, ಸ್ಟಾಂಪ್ ಖರ್ಚು ಉಳಿಸಲು ಕಡಿಮೆ ಬರೆಸುವುದು ಹಳೇ ರೋಗ. ಓದಬೇಕಾದದ್ದು ಚಕ್ಬಂದಿ: ಪೂರ್ವಕ್ಕೆ ಯಾರ ತೋಟ, ಪಶ್ಚಿಮಕ್ಕೆ ಯಾರದು. ಪಕ್ಕದ ತೋಟದವರು ಹೆಚ್ಚಾಗಿ ಹಿಂದಿನ ತಲೆಮಾರಿನಲ್ಲಿ ಪಾಲಾದ ದಾಯಾದಿಗಳೇ. ಒಂದೇ ಜಾಗದ ಹತ್ತಿಪ್ಪತ್ತು ವರ್ಷ ಅಂತರದ ಎರಡು ಪತ್ರ ಸಿಕ್ಕರೆ ಚಕ್ಬಂದಿಗಳನ್ನು ಅಕ್ಕಪಕ್ಕ ಇಡಿ. ‘ಉತ್ತರಕ್ಕೆ ಸುಬ್ರಾಯ’ ಇದ್ದದ್ದು ‘ಉತ್ತರಕ್ಕೆ ತಿಮ್ಮಣ್ಣ ಬಿನ್ ಸುಬ್ರಾಯ’ ಆಗಿದ್ದರೆ ಪಕ್ಕದ ಮನೆಯ ಒಂದು ತಲೆಮಾರು ಖರ್ಚಿಲ್ಲದೆ ಸಿಕ್ಕಿತು. ಆದರೆ ಹಳೇ ಪತ್ರದ ಚಕ್ಬಂದಿಯನ್ನೇ ಹೊಸದಕ್ಕೆ ಇಳಿಸುವ ಪತ್ರಬರಹಗಾರರು ಇದ್ದರು. ನಾಲ್ಕೂ ದಿಕ್ಕಿನ ಹೆಸರು ಅಕ್ಷರಶಃ ಹಾಗೇ ಇದ್ದರೆ ಅದು ಎರಡನೇ ಸಾಕ್ಷಿ ಅಲ್ಲ, ಮೊದಲನೆಯದರ ನಕಲು.

ಇದೇ ಕಾರಣಕ್ಕೆ ಈಗ ನಾಡಕಚೇರಿಯಲ್ಲಿ ಸಿಗುವ ವಂಶಾವಳಿ ಪತ್ರವನ್ನೂ ಆಧಾರವಾಗಿ ಎಣಿಸಬೇಡಿ. ಅದು ಮನೆಯವರು ಹೇಳಿದ್ದನ್ನೇ ಮೊಹರು ಹಾಕಿ ಕೊಟ್ಟದ್ದು. ಬೇರೆ ಸಾಕ್ಷಿ ಬೇಕೆಂದರೆ ಕಂದಾಯಕ್ಕೆ ಸಂಬಂಧವೇ ಇಲ್ಲದ ಕಡೆ ಹೋಗಿ: ಶಾಲೆಯ ದಾಖಲಾತಿ ಪುಸ್ತಕ, ಹಳ್ಳಿಯ ಜನನ ಮರಣ ಪುಸ್ತಕ, ಕ್ರೈಸ್ತ ಮನೆತನವಾದರೆ ಚರ್ಚಿನ ದೀಕ್ಷಾಸ್ನಾನದ ಪುಸ್ತಕ.

ಬರೆದಿಡುವ ರೀತಿ

ಒಂದು ಪುಸ್ತಕ ಇಡಿ. ಪ್ರತಿ ಸಂಗತಿಗೂ ಒಂದು ಸಾಲು: ಏನು, ಯಾವ ಕಾಗದದ ಯಾವ ಕಾಲಂ, ಮೂಲವೋ ನಕಲೋ, ಹೇಳಿದವರು ಯಾರು, ಅವರಿಗೆ ಏನು ಲಾಭ. ಎರಡು ಕಾಗದ ಜಗಳವಾಡಿದರೆ ಎರಡನ್ನೂ ಬರೆಯಿರಿ. ಒಂದನ್ನು ಹೊಡೆದುಹಾಕಬೇಡಿ, ಮುಂದಿನ ಕಾಗದ ಯಾರ ಕಡೆ ಸಾಕ್ಷಿ ಹೇಳುತ್ತದೋ ಗೊತ್ತಿಲ್ಲ. ಭೂ ಕಂದಾಯ ಕಾಯ್ದೆಯ 133ನೇ ಕಲಂ ಪ್ರಕಾರವೂ ಹಕ್ಕು ದಾಖಲೆಯ ನಮೂದು ಬೇರೆ ರೀತಿ ಸಾಬೀತಾಗುವವರೆಗೆ ಮಾತ್ರ ಸರಿ. ನೀವೂ ಅಷ್ಟೇ ಮರ್ಯಾದೆ ಕೊಟ್ಟರೆ ಸಾಕು.

ರೆಕಾರ್ಡ್ ರೂಮಿಗೆ ಹೋಗುವಾಗ ಊರು, ಸರ್ವೆ ನಂಬರ್, ಮ್ಯುಟೇಶನ್ ನಂಬರ್ ಬರೆದುಕೊಂಡೇ ಹೋಗಿ. ‘ನಮ್ಮ ಅಜ್ಜಂದು ಎಲ್ಲಾ ಕೊಡಿ’ ಎಂದರೆ ಯಾರೂ ಹುಡುಕಿ ಕೊಡುವುದಿಲ್ಲ. ಭೂ ಸುರಕ್ಷಾ ಯೋಜನೆಯಲ್ಲಿ ಹಳೇ ಕಡತಗಳನ್ನು ಸ್ಕ್ಯಾನ್ ಮಾಡುತ್ತಿದ್ದಾರೆ, ನಿಮ್ಮ ತಾಲ್ಲೂಕಿನದು ಆಗಿದೆಯಾ ಅಂತ ಮೊದಲೇ ಕೇಳಿ. ಮೋಡಿ (ಮರಾಠಿಯ ಹಳೇ ಕೂಡಕ್ಷರ) ಬರಹ ಸಿಕ್ಕರೆ ಊಹೆ ಮಾಡದೆ ಓದಬಲ್ಲವರಿಗೆ ತೋರಿಸಿ. ಇನ್ನೊಂದು, ಅರ್ಜಿ ಹಾಕುವ ಮುಂಚೆ ದಾಯಾದಿಗಳಿಗೆ ಒಂದು ಫೋನು ಮಾಡಿ ‘ವಂಶಾವಳಿ ಬರೆಯೋದಕ್ಕೆ ತೆಗೆಸ್ತಾ ಇದ್ದೇನೆ, ಪಾಲಿಗಲ್ಲ’ ಎಂದು ಹೇಳಿಬಿಡಿ. ಹಳೇ ಪಹಣಿ ತೆಗೆಸುತ್ತಿದ್ದಾರೆ ಎಂಬ ಸುದ್ದಿ ನಮ್ಮ ಊರುಗಳಲ್ಲಿ ನಿಮಗಿಂತ ಮೊದಲು ಮನೆ ಮುಟ್ಟುತ್ತದೆ. ಆಮೇಲೆ ಅಟ್ಟದ ಮೇಲಿನ ಕಾಗದದ ಗಂಟನ್ನು ಅವರು ತೋರಿಸುವುದಿಲ್ಲ.